ಎಂಟು ಮಂದಿ ಕೂರುವಷ್ಟು ಕಾರ್ಪೆಟ್ಟು

ಹೊಸಪೇಟೆ, ಹೊರಡುವ ಮೊದಲು

ನಿವೃತ್ತರ ತಂಡವೊಂದರ ಜೊತೆ ಟರ್ಕಿಗೆ ಹೊರಟಿದ್ದೇನೆ ಎಂದು ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಮಾರನೆಯ ದಿನವೇ ತಮ್ಮನ ಹೆಂಡತಿ ಸುಜಾತಾ ಫೋನು ಹಿಡಿದುಕೊಂಡು ಬಂದು ನನ್ನ ಪಕ್ಕ ಕುಳಿತಳು. ಫೋನಿನ ತುಂಬ ಕಾರ್ಪೆಟ್ಟಿನ ವಿಡಿಯೋಗಳು. ಮನೆಯ ಹಾಲ್‌ಗೆ ಎಂಥ ಕಾರ್ಪೆಟ್ಟು ಹಾಸಬೇಕು, ಎಷ್ಟು ದೊಡ್ಡದು ಹಾಸಬೇಕು ಎಂದು ಪಾಠ ಹೇಳುವವರು ಜಗತ್ತಿನಲ್ಲಿ ಇಷ್ಟು ಮಂದಿ ಇದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಮೂವತ್ತು ವರ್ಷ ಟಿ.ಬಿ. ಡ್ಯಾಮಿನ ಶಾಲೆಯಲ್ಲಿ ಗಣಿತ ಹೇಳಿದವಳು ನಾನು. ತ್ರಿಕೋನಮಿತಿಯನ್ನೂ ಇಷ್ಟು ಗಂಭೀರ ಮುಖ ಮಾಡಿಕೊಂಡು ಹೇಳಿರಲಿಲ್ಲ.

"ನೋಡ್ರಿ ಅಕ್ಕಾರ, ಸೋಫಾದ ಮುಂದಿನ ಕಾಲು ಕಾರ್ಪೆಟ್ ಮ್ಯಾಲ ಇರಬೇಕು, ಹಿಂದಿನ ಕಾಲು ನೆಲದ ಮ್ಯಾಲ," ಎಂದಳು. "ಗ್ವಾಡಿಗೆ ಒಂದೂವರೆ ಫೂಟು ಜಾಗ ಬಿಡಬೇಕು. ಸಣ್ಣದು ತಂದ್ರ ಹಾಲ್‌ನ ಅಂದಾನ ಕೆಡ್ತೈತಿ."

ಮುಂದಿನ ಎರಡು ಕಾಲು ಮೇಲೆ, ಹಿಂದಿನ ಎರಡು ಕೆಳಗೆ. ಕಟ್ಟೆ ಹತ್ತಲು ಹೋಗಿ ಅರ್ಧಕ್ಕೇ ನಿಂತ ಎಮ್ಮೆ ನನ್ನ ಕಣ್ಣೆದುರು ಬಂತು. ಆದರೂ ಹೂಂಗುಟ್ಟಿದೆ. ತಮ್ಮ ಬಸವರಾಜ ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ನಡೆಸುತ್ತಾನೆ. ಹೊಸಪೇಟೆಯಲ್ಲಿ ಹೊಸ ಮನೆ ಕಟ್ಟಿಸಿ ವರ್ಷ ತುಂಬಿಲ್ಲ. ಹೊಸ ಮನೆ ಕಟ್ಟಿದವರ ಜೊತೆ ಒಂದೆರಡು ವರ್ಷ ವಾದ ಮಾಡಬಾರದು.

"ಯಾವ ಬಣ್ಣ ಆದ್ರೂ ತರ್ರಿ, ಕೆಂಪು ಮಾತ್ರ ಬ್ಯಾಡ," ಎಂದು ಸೇರಿಸಿದಳು.

ಇದಕ್ಕೆ ಮಾತ್ರ ನನಗೆ ಒಳಗೊಳಗೇ ನಗು. ಸುಜಾತಾ ಸಂಡೂರಿನವಳು. ಅವಳಪ್ಪ ಗಣಿಯಲ್ಲಿ ಅದಿರು ತುಂಬುವ ಕೆಲಸದಲ್ಲಿದ್ದವನು. ಮನೆ, ಮರ, ದನ, ಒಣಗಲು ಹಾಕಿದ ಬಟ್ಟೆ, ಎಲ್ಲ ಕೆಂಪಾದ ಊರಿನಿಂದ ಬಂದವಳಿಗೆ ಈಗ ಕೆಂಪು ಬೇಡವಾಗಿದೆ! ಅವರು ಮೊದಲ ಸಲ ಸಂಬಂಧ ಮಾತಾಡಲು ಕಂಪ್ಲಿಯ ನಮ್ಮ ಹಳೆಯ ಮನೆಗೆ ಬಂದಾಗ ಅವಳಪ್ಪ ಹೊಸ್ತಿಲ ಹೊರಗೆ ನಿಂತು ಟವೆಲ್ಲಿನಿಂದ ಕಾಲು ಒರೆಸಿದ್ದೇ ಒರೆಸಿದ್ದು. ಅಪ್ಪ ಮಿಲ್ಲಿನಿಂದ ಬರುವವರೆಗೂ ಹಾಗೇ ನಿಂತಿದ್ದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಆ ಕಥೆಯನ್ನು ಆಮೇಲೆ ಎಷ್ಟೋ ಸಲ ಎಷ್ಟೋ ಜನರಿಗೆ ಹೇಳಿದ್ದೇನೆ.

ನಗು ಬಾರದ ಮಾತು ಆಮೇಲೆ ಬಂತು. ನಮ್ಮಲ್ಲಿ ಒಂದು ಪದ್ಧತಿ ಇದೆ. ಹೊಸ ಭತ್ತ ಮಿಲ್ಲಿಗೆ ಬೀಳುವ ದಿನ ಮಿಲ್ಲಿನ ಹದಿನಾರು ಮಂದಿಗೂ, ಹಮಾಲರಿಂದ ಹಿಡಿದು ನುಚ್ಚು ಕೇರುವ ಹೆಂಗಸರವರೆಗೆ, ಮನೆಯ ಹಾಲ್‌ನಲ್ಲಿ ಊಟ. ಎದುರು ಬದುರು ಎರಡು ಸಾಲು, ಸಾಲಿಗೆ ಎಂಟು ಮಂದಿ. ಬಡಿಸುವವರು ಮನೆಯವರೇ. ಅಪ್ಪ ಶುರು ಮಾಡಿದ್ದು. ಅಪ್ಪ ಹೋದ ಮೇಲೂ ಬಸವರಾಜ ಬಿಟ್ಟಿರಲಿಲ್ಲ. ಕಂಪ್ಲಿಯ ಹಳೆಯ ಮನೆ ಈಗ ಗೋದಾಮು. ಈ ವರ್ಷದ ಊಟ ಹೊಸ ಮನೆಯಲ್ಲಿ ಆಗಬೇಕು.

"ಈ ಸಲ ಊಟ ಮಿಲ್‌ನಾಗ ಇಟ್ಟುಕೊಳ್ಳೋಣ್ರಿ," ಎಂದಳು ಸುಜಾತಾ. "ಕಾರ್ಪೆಟ್ ಮ್ಯಾಲ ಹುಗ್ಗಿ ಚೆಲ್ಲಿದ್ರ ಯಾರು ತೊಳೀಬೇಕು?"

ಬಸವರಾಜ ಫ್ಯಾನು ನೋಡುತ್ತ ಕುಳಿತ. ಮಿಲ್ಲಿನಲ್ಲಿ ಎಲ್ಲರ ಮೇಲೆ ಗುಡುಗುವವನು ಮನೆಯಲ್ಲಿ ಫ್ಯಾನು ನೋಡುತ್ತಾನೆ.

ಹೊರಡುವ ಹಿಂದಿನ ದಿನ ಕಂಪ್ಲಿಗೆ ಹೋಗಿದ್ದೆ. ಮಿಲ್ಲಿನ ಅಂಗಳದಲ್ಲಿ ಹುಲಿಗೆವ್ವ ಮೊರ ಹಿಡಿದು ನುಚ್ಚು ಕೇರುತ್ತಿದ್ದಳು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ಅವಳು ಅಲ್ಲಿ ಕೇರುತ್ತಿದ್ದಾಳೆ. ಅಷ್ಟು ದೂರ ಹೋಗುತ್ತಿದ್ದೇನೆ, ನಿನಗೇನು ತರಲಿ ಎಂದು ಕೇಳಿದೆ.

"ನನಗೇನೂ ತರಬ್ಯಾಡ್ರಿ ಟೀಚರಮ್ಮಾ," ಎಂದಳು ಮೊರ ನಿಲ್ಲಿಸದೆ. "ಈ ವರ್ಷ ಊಟ ಮನಿಯಾಗೋ, ಇಲ್ಲೋ, ಅಷ್ಟು ಹೇಳ್ರಿ ಸಾಕು."

ನಾನು ಬಸ್ಸಿಗೆ ಹೊತ್ತಾಯಿತು ಎಂದೆ. ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು.

ಇಸ್ತಾಂಬುಲ್

ಈ ಊರಿನಲ್ಲಿ ಮಸೀದಿಗಳಿಗಿಂತ ಬೆಕ್ಕುಗಳು ಹೆಚ್ಚು. ಅಂಗಡಿಯ ಕುರ್ಚಿ, ಬ್ಯಾಂಕಿನ ಮೆಟ್ಟಿಲು, ಮಾರಾಟಕ್ಕಿಟ್ಟ ಕಾರ್ಪೆಟ್ಟು, ಎಲ್ಲೆಂದರಲ್ಲಿ ಮಲಗಿರುತ್ತವೆ. ಯಾರೂ ಎಬ್ಬಿಸುವುದಿಲ್ಲ. ನಮ್ಮ ಹೊಸಪೇಟೆಯಲ್ಲಿ ಹೊಸ ಸೋಫಾಕ್ಕೆ ಹೊದಿಸಿ ಬಂದ ಪ್ಲಾಸ್ಟಿಕ್ಕನ್ನು ಮೂರು ವರ್ಷವಾದರೂ ತೆಗೆಯದವರನ್ನು ನಾನು ಬಲ್ಲೆ. ಕುಳಿತರೆ ಬೆವರು, ಎದ್ದರೆ ಚರ್ರೆನ್ನುವ ಸದ್ದು. ಇಲ್ಲಿ ಬೆಕ್ಕಿಗೆ ಇರುವ ಮರ್ಯಾದೆ ಅಲ್ಲಿ ನೆಂಟರಿಗೆ ಇಲ್ಲ.

ನಮ್ಮ ತಂಡದಲ್ಲಿ ಹನ್ನೆರಡು ಮಂದಿ. ಎಲ್ಲರೂ ಹೊಸಪೇಟೆ ಸುತ್ತಿನವರೇ. ನೋಡುವುದಕ್ಕಿಂತ ತಿನ್ನುವುದರ ಮೇಲೆ ಗಮನ ಇದ್ದವರು. ಅವರಲ್ಲಿ ಕೊಟ್ರಪ್ಪನವರು ಎಂದರೆ ಕೇಳಬೇಡಿ. ಡ್ಯಾಮಿನ ಕಾಲುವೆ ಆಫೀಸಿನಲ್ಲಿ ಇದ್ದು ನಿವೃತ್ತರಾದವರು. ಯಾವ ನೀರು ಕಂಡರೂ ಎಷ್ಟು ಕ್ಯೂಸೆಕ್ಸ್ ಎಂದು ಅಂದಾಜು ಕಟ್ಟುತ್ತಾರೆ. ಎರಡು ಖಂಡಗಳ ನಡುವಿನ ಸಮುದ್ರ ತೋರಿಸಿದರೆ, "ಗೇಟ್ ಇಲ್ಲ, ವೇಸ್ಟ್ ಆಗ್ತೈತಿ ನೋಡ್ರಿ," ಎಂದರು.

ಇಲ್ಲಿಯ ಬಸ್ಸುಗಳಲ್ಲಿ ಒಂದು ರೂಢಿ ಇದೆ. ಹೊರಟ ಸ್ವಲ್ಪ ಹೊತ್ತಿಗೆ ಬಸ್ಸಿನವನು ಬಾಟಲಿ ಹಿಡಿದು ಬಂದು ಪ್ರತಿಯೊಬ್ಬರ ಅಂಗೈಗೂ ಲಿಂಬೆ ವಾಸನೆಯ ಅತ್ತರಿನಂಥ ನೀರು ಹನಿಸುತ್ತಾನೆ. ಕೈಗೆ ಮುಖಕ್ಕೆ ಸವರಿಕೊಳ್ಳಬೇಕು. ಕೊಟ್ರಪ್ಪನವರು ಬಲಗೈ ಗುಳಿ ಮಾಡಿ, ಅದರ ಕೆಳಗೆ ಎಡಗೈ ಇಟ್ಟು, ಕಣ್ಣು ಮುಚ್ಚಿ ಕುಡಿದುಬಿಟ್ಟರು. ಮಿಕ್ಕದ್ದನ್ನು ತಲೆಗೆ ಒರೆಸಿಕೊಂಡರು. ಬಸ್ಸಿನವನು ಬಾಟಲಿ ಹಿಡಿದುಕೊಂಡು ಹಾಗೇ ನಿಂತ.

"ತೀರ್ಥ ಖಾರ ಐತ್ರೀ," ಎಂದರು ಕೊಟ್ರಪ್ಪನವರು ಕೆಮ್ಮುತ್ತ.

ಅವರ ಹೆಂಡತಿ ನಾಗರತ್ನಮ್ಮ ಗಾಬರಿಯಿಂದ ನೀರು ಹುಡುಕಿದರು. ಕೈಗೆ ಸಿಕ್ಕಿದ್ದು ನನ್ನ ಚೀಲ. ಅದರೊಳಗಿನ ಕಾಗದವೊಂದನ್ನು ಎಳೆದು ಗಂಡನ ಬಾಯಿ ಒರೆಸಿ, ಮುದ್ದೆ ಮಾಡಿ ಕಸದ ಚೀಲಕ್ಕೆ ಹಾಕಿದರು. ಅದು ಸುಜಾತಾ ಹಾಲ್‌ನ ಅಳತೆ ಬರೆದುಕೊಟ್ಟ ಚೀಟಿ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಬಸ್ಸಿನವರು ಕಸ ಚೆಲ್ಲಿಯಾಗಿತ್ತು. ಗಣಿತದ ಟೀಚರು ಅಳತೆಯನ್ನು ಬಾಯಿಪಾಠ ಮಾಡಿಕೊಂಡಿರಲಿಲ್ಲ. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳು ಬೇಕಾದಷ್ಟು ನಗಬಹುದು.

ಗೋರೆಮೆ

ಗೋರೆಮೆ ಎಂದರೆ ಬಂಡೆಗಳ ಊರು. ಜಗತ್ತಿನ ಜನವೆಲ್ಲ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತದೆ. ನಾವು ಹನ್ನೆರಡು ಮಂದಿ ಬಸ್ಸಿನಿಂದ ಇಳಿದು, ಒಂದು ಸುತ್ತು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಇದಕ್ಕಿಂತ ನಮ್ಮ ಹಂಪಿ ಬಂಡಿ ಏನು ಕಡಿಮಿ ಆಗ್ಯಾವು?" ಎಂದರು ನಾಗರತ್ನಮ್ಮ. ಬಂಡೆ ನೋಡಬೇಕೆಂದರೆ ನಮಗೆ ಅರ್ಧ ಗಂಟೆಯ ಆಟೋ ಸಾಕಿತ್ತು. ಇಲ್ಲಿ ಮೇಲೆ ಬಲೂನು ಹಾರಿಸುತ್ತಾರೆ, ಅಷ್ಟೇ ಹೆಚ್ಚಳ.

ಗೈಡು ನಮ್ಮನ್ನು ನೇರವಾಗಿ ಕಾರ್ಪೆಟ್ ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಹಂಪಿಯಲ್ಲಿ ವಿದೇಶಿಯರನ್ನು ಆಟೋದವರು ದೇವಸ್ಥಾನಕ್ಕೆಂದು ಹತ್ತಿಸಿಕೊಂಡು ಎಲ್ಲಿಗೆ ಕರೆದೊಯ್ಯುತ್ತಾರೆಂದು ಚಿಕ್ಕಂದಿನಿಂದ ನೋಡಿದವಳು ನಾನು. ಈ ಸಲ ವಿದೇಶಿಯಳು ನಾನೇ ಆಗಿದ್ದೆ.

ಅಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸಿನಲ್ಲೇ ಸ್ಪೀಕರ್ ಹಾಕಿ ಸುಜಾತಾಳಿಗೆ ಫೋನು ಮಾಡಿ ಅಳತೆ ಕೇಳಿದೆ. ಆಕೆ ಆಗ ಹಾಲ್‌ನಲ್ಲೇ ಇದ್ದಳು.

"ಉದ್ದ ಎಂಟು ಟೈಲ್ಸ್, ಅಗಲ ಆರು ಟೈಲ್ಸ್ ಅಕ್ಕಾರ. ಈಗ ಎಣಿಸಿ ಹೇಳಾಕತ್ತೀನಿ."

"ಒಂದು ಟೈಲ್ಸ್ ಎಷ್ಟು ಉದ್ದ ಐತಿ?"

"ದೊಡ್ಡವೇ ಅದಾವ್ರಿ."

"ಎಷ್ಟು ದೊಡ್ಡವು?"

"ಭಾಳ ದೊಡ್ಡವೇನಲ್ಲ."

ಟೇಪು ಹಿಡಿದು ಅಳೆ ಎಂದರೆ ಟೇಪು ಮಿಲ್ಲಿನಲ್ಲಿತ್ತು. ಟೇಪಿನಲ್ಲಿ ಅಳೆದ ಚೀಟಿ ನಾಗರತ್ನಮ್ಮನವರ ಗಂಡನ ಬಾಯಿ ಒರೆಸಿ ಹೋಗಿತ್ತು. ಕೊನೆಗೆ ಬಸವರಾಜ ಫೋನು ಇಸಿದುಕೊಂಡ.

"ಅಕ್ಕಾ, ಗೃಹಪ್ರವೇಶದ ದಿನ ಆ ಹಾಲ್‌ನಾಗ ಎರಡು ಸಾಲು ಊಟಕ್ಕ ಕುಂತಿದ್ರಲ್ಲ? ಸಾಲಿಗೆ ಎಂಟು ಮಂದಿ. ಆಚೀಚೆ ಒಬ್ಬರು ಓಡಾಡೋವಷ್ಟು ಜಾಗ ಉಳಿದಿತ್ತು. ಅಷ್ಟು ಹಿಡೀರಿ."

ಈ ಅಳತೆ ನನಗೆ ತಕ್ಷಣ ಅರ್ಥವಾಯಿತು. ನನಗೊಬ್ಬಳಿಗೇ ಅಲ್ಲ, ಬಸ್ಸಿನಲ್ಲಿದ್ದ ಹನ್ನೆರಡು ಮಂದಿಗೂ ಅರ್ಥವಾಯಿತು.

ಗೋರೆಮೆ, ಅಂಗಡಿಯೊಳಗೆ

ಬಾಗಿಲಲ್ಲಿ ಚಪ್ಪಲಿ ಬಿಡಿಸಿದರು. ಇಲ್ಲಿಯವರು ಮನೆಯೊಳಗೂ ಹಾಗೇ, ಹೊರಗಿನ ಚಪ್ಪಲಿ ತರುವುದಿಲ್ಲ. ಅದೊಂದು ವಿಷಯದಲ್ಲಿ ಇವರ ಮೇಲೆ ನನಗೆ ತಕ್ಷಣ ನಂಬಿಕೆ ಹುಟ್ಟಿತು. ಅಂಗಡಿಯವನ ಹೆಸರು ಮೆಹ್ಮೆತ್. ಹೊಟ್ಟೆ ಇದ್ದ, ಮೀಸೆ ಇದ್ದ, ಅವಸರವಿಲ್ಲದ ಮನುಷ್ಯ. ಅವನ ಇಬ್ಬರು ಕೆಲಸಗಾರರು ಸುರುಳಿ ಬಿಚ್ಚಿ ಬಿಚ್ಚಿ ಹಾಸಿದರು. ನಾಲ್ಕರಲ್ಲಿ ಮೂರು ಕೆಂಪು. ಒಬ್ಬ ಮೂಲೆ ಹಿಡಿದು ಕಾರ್ಪೆಟ್ಟನ್ನು ಗಿರ್ರನೆ ಗಾಳಿಯಲ್ಲಿ ತಿರುಗಿಸಿದ. ಅದು ಬಿದ್ದಾಗ ಬಣ್ಣ ಬೇರೆಯಾಗಿ ಕಂಡಿತು. ನಮ್ಮವರು ಚಪ್ಪಾಳೆ ಹೊಡೆದರು. ಕಾರ್ಪೆಟ್ಟಿಗೆ ಚಪ್ಪಾಳೆ ಹೊಡೆದವರನ್ನು ನಾನು ಮೊದಲ ಸಲ ನೋಡಿದ್ದು.

"ಸೋಫಾ ಎಷ್ಟು ಉದ್ದ?" ಎಂದು ಮೆಹ್ಮೆತ್ ಇಂಗ್ಲಿಷಿನಲ್ಲಿ ಕೇಳಿದ. ಸೋಫಾದ ಉದ್ದಕ್ಕಿಂತ ಎರಡೂ ಕಡೆ ಒಂದೊಂದು ಗೇಣು ಕಾರ್ಪೆಟ್ಟು ಹೊರಗೆ ಕಾಣಬೇಕಂತೆ. ಮುಂದಿನ ಕಾಲು, ಹಿಂದಿನ ಕಾಲು, ಗೋಡೆಯ ಜಾಗ. ಸುಜಾತಾಳ ವಿಡಿಯೋಗಳೇ ಟರ್ಕಿಯ ಮೀಸೆ ಹಚ್ಚಿಕೊಂಡು ಮಾತಾಡಿದಂತೆ ಇತ್ತು.

"ಅದೆಲ್ಲ ಬೇಡ. ಎಂಟು ಜನ ಒಂದು ಸಾಲಿಗೆ," ಎಂದೆ.

ಅವನಿಗೆ ತಿಳಿಯಲಿಲ್ಲ. ಬಾಯಿಂದ ಹೇಳಿ ಉಪಯೋಗವಿಲ್ಲವೆಂದು ನಾನು ದೊಡ್ಡ ಕಾರ್ಪೆಟ್ಟಿನ ಅಂಚಿಗೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತೆ. "ಬರ್ರಿ, ಕುಂದ್ರಿ," ಎಂದೆ. ನಮ್ಮವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ. ಕೊಟ್ರಪ್ಪನವರು, ನಾಗರತ್ನಮ್ಮ, ಉಳಿದವರು ಪಟಪಟನೆ ಬಂದು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತರು. ಎಂಟಾಯಿತು. ಉಳಿದ ನಾಲ್ವರು ಎದುರು ಸಾಲಿಗೆ. ಕೊಟ್ರಪ್ಪನವರು ಅಭ್ಯಾಸ ಬಲದಿಂದ ಎದುರಿಗೆ ಎಲೆ ಇದ್ದಂತೆ ನೀರು ಚಿಮುಕಿಸುವ ಕೈ ಮಾಡಿದರು. ಅಂಗಡಿಯ ಗಾಜಿನ ಹೊರಗೆ ಹೋಗುತ್ತಿದ್ದ ಇಬ್ಬರು ಬಿಳಿಯರು ನಿಂತು ಫೋಟೋ ತೆಗೆದರು. ಹಂಪಿಯಲ್ಲೂ ಅವರು ಹೀಗೇ.

"ನೀವು ಏನು ಮಾಡುತ್ತಿದ್ದೀರಿ?" ಎಂದ ಮೆಹ್ಮೆತ್.

"ಊಟ," ಎಂದೆ.

ಆ ಮನುಷ್ಯ ನಗಲಿಲ್ಲ. ನಗುತ್ತಾನೆಂದು ನಾನು ತಯಾರಾಗಿ ಕುಳಿತಿದ್ದೆ, ಒಂದು ಚುಚ್ಚುಮಾತನ್ನೂ ಇಂಗ್ಲಿಷಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅವನು ಒಳಗೆ ಹೋಗಿ, ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟಗಳಲ್ಲಿ ಚಹಾ ತಂದ. ಸಾಲಿನ ಮೊದಲಿಗರಿಂದ ಶುರು ಮಾಡಿ ಒಬ್ಬರನ್ನೂ ಬಿಡದೆ, ಹಿಂದೆ ಮುಂದೆ ಮಾಡದೆ, ಕೊನೆಯವರವರೆಗೆ ಬಗ್ಗಿ ಬಗ್ಗಿ ಇಟ್ಟ. ಆಮೇಲೆ ಎದುರು ಸಾಲು. ಸಾಲಿಗೆ ಬಡಿಸುವುದು ಹೇಗೆಂದು ಅವನಿಗೆ ಯಾರೋ ಕಲಿಸಿದ್ದರು. ತನ್ನ ಅಜ್ಜಿಯ ಹಳ್ಳಿಯಲ್ಲಿ ಕಾರ್ಪೆಟ್ಟಿನ ಮೇಲೆ ಬಟ್ಟೆ ಹಾಸಿ, ಸುತ್ತ ಕುಳಿತು ಎಲ್ಲರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದರು ಎಂದ.

ಅಷ್ಟರಲ್ಲಿ ಕೊಟ್ರಪ್ಪನವರು ಚಹಾ ಚೆಲ್ಲಿದರು. ಇಡೀ ಲೋಟ. ಹನ್ನೆರಡು ಮಂದಿಯೂ ಒಮ್ಮೆಗೇ ಕಾಲು ಹಿಂದಕ್ಕೆ ಎಳೆದುಕೊಂಡೆವು. ಮೆಹ್ಮೆತ್ ಒದ್ದೆ ಬಟ್ಟೆ ತಂದು ಎರಡು ಸಲ ಒತ್ತಿ, ಮತ್ತೊಂದು ಲೋಟ ತುಂಬಿದ.

"ಚೆಲ್ಲಲಿ ಬಿಡಿ. ಹೆದರಿಕೊಂಡು ತುಳಿಯುವುದಾದರೆ ಮನೆಗೆ ಒಯ್ಯಲೇಬೇಡಿ," ಎಂದ.

ಅಂಗಡಿಯವರು ಮಾರಲಿಕ್ಕೆ ಎಂಥ ಮಾತನ್ನಾದರೂ ಆಡುತ್ತಾರೆ, ನನಗೆ ಗೊತ್ತು. ಆದರೂ ಆ ಕ್ಷಣ ನನ್ನ ಕಣ್ಣೆದುರು ಬಂದದ್ದು ಮೊರ ನಿಲ್ಲಿಸದೆ ಕೇರುತ್ತಿದ್ದ ಹುಲಿಗೆವ್ವ. ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದ್ದು ನೆನಪಾಗಿ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಸುಜಾತಾಳ ಮೇಲೆ ಬಂತು.

ಕುಳಿತಲ್ಲಿಂದಲೇ ಯೋಚಿಸಿದೆ. ನಡುವೆ ಎಲೆ ಹಾಕುವ ಜಾಗಕ್ಕೆ ಕಾರ್ಪೆಟ್ಟು ಯಾಕೆ ಬೇಕು? ಅಲ್ಲಿ ಬರಿ ನೆಲ ಇರಬೇಕು. ಹಾಸು ಬೇಕಾದದ್ದು ಕೂರುವವರ ಕೆಳಗೆ. ನಮ್ಮ ಹಳೆಯ ಮನೆಯಲ್ಲಿ ಇದ್ದದ್ದೂ ಅದೇ, ಉದ್ದನೆಯ ಎರಡು ಜಮಖಾನ ಪಟ್ಟಿ. ಉದ್ದಕ್ಕೆ, ಸಪೂರಕ್ಕೆ ಏನಾದರೂ ಇದೆಯೇ ಎಂದು ಕೇಳಿದೆ. ಮೆಹ್ಮೆತ್ ತಲೆ ಕೆರೆದುಕೊಂಡು ಅಟ್ಟದಿಂದ ಎರಡು ಸುರುಳಿ ಇಳಿಸಿದ. ಯಾವುದೋ ಹೋಟೆಲಿನ ಕಾರಿಡಾರಿಗೆಂದು ನೇಯಿಸಿದ್ದವಂತೆ, ಹೋಟೆಲಿನವರು ಒಯ್ಯಲೇ ಇಲ್ಲವಂತೆ. ಬಿಚ್ಚಿದ. ಅಗಲ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು. ಎಂಟು ಮಂದಿ ಎದ್ದು ಹೋಗಿ ಅದರ ಮೇಲೆ ಕುಳಿತರು. ಸರಿಯಾಗಿ ಎಂಟೇ. ಒಂಬತ್ತನೆಯವರಿಗೆ ಜಾಗವಿಲ್ಲ.

ಎರಡೂ ಕಡು ಕೆಂಪು, ಸಂಡೂರಿನ ಮಣ್ಣಿನಂಥ ಕೆಂಪು. ಬೇರೆ ಬಣ್ಣ ಇದೆಯೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ಹೊಸಪೇಟೆ, ಬಂದ ಮೇಲೆ

ವಿಮಾನದಲ್ಲಿ ಒಂದು ಗಂಟನ್ನು ನಾನು, ಇನ್ನೊಂದನ್ನು ಕೊಟ್ರಪ್ಪನವರು ಹೊತ್ತು ತಂದೆವು. ಊರಿಂದ ಹೊರಡುವಾಗ ಇದ್ದ ಉಬ್ಬಸವೇ ಹೋಯಿತು, ತೀರ್ಥದ ಗುಣ ಎಂದು ಅವರು ದಾರಿಯುದ್ದಕ್ಕೂ ಹೇಳಿದರು.

ಗಂಟು ಬಿಚ್ಚಿದಾಗ ಸುಜಾತಾ ಒಂದರ ಅಂಚು ಎತ್ತಿ ತಿರುಗಿಸಿ ನೋಡಿದಳು.

"ಕೆಂಪು," ಎಂದಳು.

"ಬೇರೆ ಸಿಗಲಿಲ್ಲ."

"ಸಣ್ಣವು."

"ಸಾಲಿಗೆ ಎಂಟು ಮಂದಿಗೆ ಸರಿಯಾಗ್ತಾವು," ಎಂದೆ.

ಬಸವರಾಜ "ಮಸ್ತ್ ಅದಾವು ಅಕ್ಕಾ," ಎಂದವನು ಹೆಂಡತಿಯ ಮುಖ ನೋಡಿ ಫ್ಯಾನಿನ ಕಡೆ ತಿರುಗಿದ. ಆದರೆ ಕಾರ್ಪೆಟ್ಟು ಸಾಲಿನ ಅಳತೆಯದೇ ಬಂದಿದ್ದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂದಿರಬೇಕು. ಹೊಸ ಭತ್ತ ಮಿಲ್ಲಿಗೆ ಬಿದ್ದ ದಿನ ಹದಿನಾರು ಮಂದಿಗೂ ಊಟ ಹೊಸ ಮನೆಯಲ್ಲೇ ಎಂದು ಹೇಳಿ ಕಳಿಸಿದ. ಸುಜಾತಾ ಸೋಫಾಗಳನ್ನು ಗೋಡೆಗೆ ತಳ್ಳಿಸಿ, ಅಡುಗೆಮನೆ ಸೇರಿದಳು. ನಾನು ಗೆದ್ದೆ ಎಂದು ಖುಷಿಯಾಗಿದ್ದೆ. ಇಷ್ಟು ದಿನದ ಮೇಲೆ ಸುಳ್ಳು ಹೇಳಲಾರೆ, ಭಾಳ ಖುಷಿಯಾಗಿದ್ದೆ. ಟರ್ಕಿಯ ಕಥೆಗಳನ್ನು, ಕೊಟ್ರಪ್ಪನವರ ತೀರ್ಥ, ಅವರು ಚಹಾ ಚೆಲ್ಲಿದ್ದು, ಅಂಗಡಿಯವನು ಚೆಲ್ಲಲಿ ಬಿಡಿ ಎಂದದ್ದು, ಎಲ್ಲವನ್ನೂ ಮೆಣಸಿನಕಾಯಿ ಹೆಚ್ಚುತ್ತ ಅವಳಿಗೆ ಕೇಳುವಂತೆ ಬಣ್ಣಿಸಿ ಹೇಳಿದೆ. ಅವಳು ಗೋಧಿ ಹುಗ್ಗಿ ತಿರುವುತ್ತಿದ್ದಳು.

ಮಧ್ಯಾಹ್ನ ಮಿಲ್ಲಿನವರು ಬಂದರು. ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಬಂದವರು ಕಾರ್ಪೆಟ್ಟಿನ ಅಂಚಿಗೆ ಬಂದು ನಿಂತುಬಿಟ್ಟರು. ಎಲ್ಲರ ಮುಂದೆ ಹುಲಿಗೆವ್ವ.

"ಇದರ ಮ್ಯಾಲ ಹ್ಯಾಂಗ ಕುಂದ್ರೋದ್ರಿ ಟೀಚರಮ್ಮಾ?" ಎಂದಳು. "ನಾವು ಇಲ್ಲೇ ಹೊರಗ ಕಟ್ಟಿ ಮ್ಯಾಲ ಉಂಡು ಹೋಗ್ತೀವಿ ಬಿಡ್ರಿ."

"ನಿಮಗಂತಲೇ ತಂದದ್ದು ಹುಲಿಗೆವ್ವಾ. ಕುಂದ್ರಿ," ಎಂದೆ. ಯಾರೂ ಅಲುಗಲಿಲ್ಲ. "ಕುಂದ್ರಿ ಅಂದ್ನೆಲ್ಲ!" ಎಂದು ಶಾಲೆಯ ದನಿ ತೆಗೆದೆ. ಆ ದನಿಗೆ ಅವರು ಇನ್ನೂ ಒಂದು ಹೆಜ್ಜೆ ಹಿಂದೆ ಸರಿದರು. ಬಾಗಿಲ ಹತ್ತಿರ ಇದ್ದ ಹಮಾಲನೊಬ್ಬ ಹೆಗಲ ಮೇಲಿನ ಟವೆಲ್ಲು ತೆಗೆದು ಕಾಲು ಒರೆಸಿಕೊಂಡ. ಒರೆಸಿ, ಅಂಗಾಲು ತಿರುಗಿಸಿ ನೋಡಿ, ಮತ್ತೆ ಒರೆಸಿಕೊಂಡ.

ಅಷ್ಟು ದೂರದಿಂದ ಹೊತ್ತು ತಂದದ್ದು ಇದನ್ನು. ಮಿಲ್ಲಿನ ಶೆಡ್ಡಿನಲ್ಲಾದರೆ ಆ ಜನ ನೆಮ್ಮದಿಯಾಗಿ ಕುಳಿತು ಉಣ್ಣುತ್ತಿದ್ದರು. ನಾನು ಅವರನ್ನು ಮನೆಯೊಳಗೆ ಕರೆಸಿ ನಿಲ್ಲಿಸಿದ್ದೆ.

ಸುಜಾತಾ ಸಾರಿನ ಬಕೆಟ್ಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಆ ಟವೆಲ್ಲಿನ ಮೇಲಿತ್ತು. ಅವಳು ನಡೆದು ಬಂದಳು. ಬಕೆಟ್ಟಿನಿಂದ ಒಂದು ಸೌಟು ತುಂಬ ಸಾರು ಎತ್ತಿ, ಎಲ್ಲರೂ ನೋಡುತ್ತಿದ್ದಂತೆ ಕೆಂಪು ಕಾರ್ಪೆಟ್ಟಿನ ನಟ್ಟನಡುವೆ ಸುರಿದಳು. ಬೇಳೆ, ಕರಿಬೇವು, ಎಲ್ಲ.

"ಹೊಲಸು ಆತು. ಮಾಡಿದಾಕಿ ನಾನು," ಎಂದಳು. "ಇನ್ನ ಯಾರೂ ಅಂಜಬ್ಯಾಡ್ರಿ. ಬಾ ಹುಲಿಗೆವ್ವಾ, ಕುಂದ್ರು."

ಹುಲಿಗೆವ್ವ ಸಾರು ಬಿದ್ದ ಜಾಗವನ್ನು ಒಂದು ಸಲ, ಸುಜಾತಾಳ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಸೀರೆಯ ನೆರಿಗೆ ಒಟ್ಟುಮಾಡಿ, ಕಲೆಯ ಪಕ್ಕದಲ್ಲೇ ಕುಳಿತಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಆ ಹಮಾಲನೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕುಳಿತ. ಎಲೆ ಬಿದ್ದವು. ಯಾರೋ ಸರಿದು ನನಗೂ ಜಾಗ ಮಾಡಿದರು. ಎಂಟರ ಸಾಲಿನಲ್ಲಿ ಒಂಬತ್ತು ಮಂದಿ ಹಿಡಿಸಿದೆವು.

ನಾನು ತಲೆ ತಗ್ಗಿಸಿ ಎಲೆ ನೋಡುತ್ತ ಕುಳಿತಿದ್ದೆ. ಅಂದು ಕಂಪ್ಲಿಯ ಮನೆಯಲ್ಲಿ ಅಪ್ಪ ಇರಲಿಲ್ಲ, ದೊಡ್ಡವಳು ನಾನೇ ಇದ್ದೆ. ಹೊಸ್ತಿಲಾಚೆ ನಿಂತಿದ್ದ ಆ ಹಿರಿಯರನ್ನು ಒಳಗೆ ಕರೆಯಬೇಕಾಗಿದ್ದವಳು ನಾನು. ಸುಜಾತಾ ಬಡಿಸುತ್ತ ಬಡಿಸುತ್ತ ನನ್ನ ಎಲೆಯ ಹತ್ತಿರ ಬಂದು ಬಗ್ಗಿದಳು.

"ಅವತ್ತು ನಮ್ಮಪ್ಪಗ ಕುಂದ್ರಿ ಅಂತ ಯಾರೂ ಅನ್ನಲಿಲ್ರಿ ಅಕ್ಕಾರ," ಎಂದಳು, ನನಗೊಬ್ಬಳಿಗೇ ಕೇಳುವಂತೆ. "ಒಳಗ ನಗೋದು ಮಾತ್ರ ಕೇಳಿಸ್ತಿತ್ತಂತ."

ನನ್ನ ಎಲೆಗೆ ಎರಡು ಸೌಟು ಹುಗ್ಗಿ ಹಾಕಿ, ಮುಂದಿನ ಎಲೆಗೆ ಹೋದಳು.